‘ಅವರಿಗೇನು ಗೊತ್ತಾಗುತ್ತದೆ’ ಎಂದ ಟ್ರಸ್ಟಿನವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಮತ್ತು ಎಲ್ಲ ಟ್ರಸ್ಟಿಗಳಿಗೆ,

ನಮಸ್ಕಾರ.

ನಾನು ಮುಂಬಯಿಯ ಮುಲುಂಡಿನವಳು. ನೀವು ನಡೆಸುವ ಹಿರಿಯರ ಡೇ ಕೇರ್‌ಗೆ ನಮ್ಮ ಮಾವ ಬರುತ್ತಾರೆ. ಬೆಳಿಗ್ಗೆ ಅವರನ್ನು ಬಿಟ್ಟು ನಾನು ಕೆಲಸಕ್ಕೆ ಹೋಗುತ್ತೇನೆ. ಸಂಜೆ ನಾನೋ ನನ್ನ ಗಂಡನೋ, ಯಾರಿಗೆ ಲೋಕಲ್ ಟ್ರೈನ್ ಬೇಗ ಸಿಕ್ಕಿತೋ ಅವರು ಬಂದು ಕರೆದುಕೊಂಡು ಹೋಗುತ್ತೇವೆ. ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಓದಿದರೆ ನಿಮಗೆ ಗೊತ್ತಾಗಿಯೇ ಆಗುತ್ತದೆ, ಬೇರೆಯವರಿಗೆ ಗೊತ್ತಾಗಬೇಕಾಗಿಲ್ಲ. ಕೇಂದ್ರ ಮುಚ್ಚಿಹೋಗಲಿ ಅಂತ ನನಗೆ ಖಂಡಿತ ಇಲ್ಲ. ಅದು ಮುಚ್ಚಿದರೆ ಮೊದಲು ಕಷ್ಟಕ್ಕೆ ಬೀಳುವವರು ನಮ್ಮಂಥವರೇ, ಇಬ್ಬರೂ ದುಡಿಯುವ, ಒಂದು ಬೆಡ್‌ರೂಮಿನ ಮನೆಯವರು.

ಅಲ್ಲಿ ಹಿರಿಯರನ್ನು ನಡೆಸಿಕೊಳ್ಳುವ ರೀತಿ ಸರಿಯಿಲ್ಲ ಅಂತ ಮೊದಲು ಬಾಯಲ್ಲಿ ಹೇಳಿದೆ. ಆಮೇಲೆ ಈಮೇಲ್ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ, ಫೋನ್ ಬಂತು. “ಮೇಡಂ, ನೀವು ಸುಮ್ನೆ ಟೆನ್ಶನ್ ತಗೋತೀರಿ, ಅವರಿಗೇನು ಗೊತ್ತಾಗುತ್ತದೆ?” ಅಂದರು ನಿಮ್ಮ ಮ್ಯಾನೇಜರ್. ಹೋಗಲಿ, ಕೆಲಸದ ಒತ್ತಡದಲ್ಲಿ ಬಂದ ಮಾತು ಅಂದುಕೊಂಡು ಟ್ರಸ್ಟಿಯೊಬ್ಬರನ್ನು ಕಂಡೆ. ಅವರು ಇನ್ನೂ ನಯವಾಗಿ, ಚಹಾ ತರಿಸಿ ಕೊಟ್ಟು, ಅದನ್ನೇ ಹೇಳಿದರು. ಹಾಗಾಗಿ ಈಗ ಎಲ್ಲರ ಎದುರು ಬರೆಯುತ್ತಿದ್ದೇನೆ.

ಗೊತ್ತಾಗುತ್ತದೆ ಸ್ವಾಮಿ. ಏನು ಗೊತ್ತಾಗುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ನಾನು ಕಂಡದ್ದು.

ಬೆಳಿಗ್ಗೆ ಬಂದ ತಕ್ಷಣ ಎಲ್ಲರಿಗೂ ಡೈಪರ್ ಹಾಕಿಬಿಡುತ್ತಾರೆ. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ನೋಡುವುದಿಲ್ಲ. ನಮ್ಮ ಮಾವನಿಗೆ ಮರೆವಿನ ಕಾಯಿಲೆ ಇದೆ ನಿಜ, ಆದರೆ ಎರಡು ಗಂಟೆಗೊಮ್ಮೆ “ಮಾವ, ಒಮ್ಮೆ ಹೋಗಿ ಬನ್ನಿ” ಅಂದರೆ ಸಾಕು, ತಾವೇ ಎದ್ದು ಹೋಗುತ್ತಾರೆ. ಚಿಲಕ ಹಾಕಿಕೊಂಡರೆ ತೆಗೆಯಲು ಬರುವುದಿಲ್ಲ, ಅದಕ್ಕೆ ಬಾಗಿಲು ಮುಂದೆ ಮಾಡಿ ಹೊರಗೆ ಒಬ್ಬರು ನಿಂತರೆ ಆಯಿತು. ಮನೆಯಲ್ಲಿ ನಡೆಯುವುದೇ ಹಾಗೆ. ಸೇರಿಸುವಾಗ ಫಾರ್ಮಿನಲ್ಲಿ ಇದನ್ನೆಲ್ಲ ಬರೆದು ಕೊಟ್ಟಿದ್ದೇನೆ. ಆ ಫಾರ್ಮನ್ನು ಯಾರೂ ಓದಿದ ಹಾಗೆ ಕಾಣುವುದಿಲ್ಲ. ನಿಮ್ಮಲ್ಲಿ ಅವರು “ಬಾತ್‌ರೂಮಿಗೆ ಹೋಗಬೇಕು” ಅಂದಾಗ ಬಂದ ಉತ್ತರ, “ಅದರಲ್ಲೇ ಮಾಡಿ ಬಾಬಾ, ಹಾಕಿದೆಯಲ್ಲ.” ನಾನು ಪಕ್ಕದಲ್ಲೇ ನಿಂತಿದ್ದೆ.

ಇದು ಬರೀ ಮರ್ಯಾದೆಯ ಪ್ರಶ್ನೆ ಅಂದುಕೊಳ್ಳಬೇಡಿ. ಹೋಗಿ ಬರುವ ಶಕ್ತಿ ಇರುವವರನ್ನು ಹೋಗದ ಹಾಗೆ ಮಾಡಿದರೆ ಆ ಅಭ್ಯಾಸವೇ ತಪ್ಪಿಹೋಗುತ್ತದೆ, ಮತ್ತೆ ಕಲಿಸುವುದು ಆಗದ ಮಾತು. ಒದ್ದೆ ಡೈಪರಿನಲ್ಲಿ ಗಂಟೆಗಟ್ಟಲೆ ಕೂತರೆ ಚರ್ಮ ಹಾಳಾಗುತ್ತದೆ, ಮೂತ್ರದ ಸೋಂಕು ಬರುತ್ತದೆ. ವಯಸ್ಸಾದವರಲ್ಲಿ ಸೋಂಕು ಜ್ವರವಾಗಿಯೇ ಕಾಣಬೇಕೆಂದಿಲ್ಲ. ಇದ್ದಕ್ಕಿದ್ದ ಹಾಗೆ ಗಲಿಬಿಲಿ, ಬಡಬಡಿಕೆ, ನಿದ್ದೆಗೇಡು ಶುರುವಾಗುತ್ತದೆ. ಆಗ ಮನೆಯವರು ಮರೆವು ಜಾಸ್ತಿಯಾಯಿತು ಅಂದುಕೊಂಡು ಕೂರುತ್ತಾರೆ.

ಡೈಪರ್ ಬದಲಿಸುವ ಜಾಗ ಹಾಲಿನ ಮೂಲೆ. ಪರದೆ ಇದೆ. ಪೂರ್ತಿ ಎಳೆದದ್ದನ್ನು ನಾನು ಕಂಡಿಲ್ಲ. ಒಮ್ಮೆ ಸಂಜೆ ಸ್ವಲ್ಪ ಬೇಗ ಬಂದಾಗ ಅಲ್ಲಿ ಒಬ್ಬರು ಅಜ್ಜಿ ಎರಡು ಕೈಯಲ್ಲೂ ಸೀರೆ ನೆರಿಗೆ ಬಿಗಿ ಹಿಡಿದು ನಿಂತಿದ್ದರು, ಬಿಡಿಸಲು ಹೋದವಳು ನಗುತ್ತಾ ಬೆರಳುಗಳನ್ನು ಒಂದೊಂದಾಗಿ ಎತ್ತುತ್ತಿದ್ದಳು, ಈಚೆ ಕುರ್ಚಿಗಳಲ್ಲಿ ಗಂಡಸರು ಕೂತಿದ್ದರು, ಟಿವಿ ಜೋರಾಗಿತ್ತು. ಆ ಅಜ್ಜಿಗೆ ತಮ್ಮ ಮಗಳ ಹೆಸರು ನೆನಪಿಲ್ಲ. ಸೀರೆ ಯಾಕೆ ಹಿಡಿದುಕೊಳ್ಳಬೇಕು ಅನ್ನುವುದು ನೆನಪಿದೆ.

ಮಾತಾಡಿಸುವ ರೀತಿ ಇನ್ನೊಂದು. ಅಂಕಲ್, ಕಾಕಾ, ಆಜೋಬಾ ಅಂದರೆ ನನ್ನ ತಕರಾರಿಲ್ಲ. ಮುಂಬಯಿಯಲ್ಲಿ ಎಲ್ಲರೂ ಎಲ್ಲರಿಗೂ ಹಾಗೇ ಅನ್ನುವುದು. ಆದರೆ “ಗುಡ್ ಬಾಯ್”, “ಬೇಬಿಗೆ ಮಮ್ ಬೇಕಾ”, “ಗಲಾಟೆ ಮಾಡಿದರೆ ಸೊಸೆ ಕರ್ಕೊಂಡು ಹೋಗೋಲ್ಲ ಇವತ್ತು” — ಇದೆಲ್ಲ ಏನು? ಎಂಬತ್ತು ದಾಟಿದವರ ಹತ್ತಿರ! ಅದರಲ್ಲೂ ಆ ಕೊನೆಯದು ತಮಾಷೆ ಅಂತ ಹೇಳುವವರಿಗೆ ಅನಿಸಬಹುದು, ಕೇಳಿದವರು ಸಂಜೆಯವರೆಗೆ ಬಾಗಿಲನ್ನೇ ನೋಡುತ್ತಾ ಕೂತಿರುತ್ತಾರೆ. ಟಾಮ್ ಕಿಟ್‌ವುಡ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ, ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದವರು, 1990ರ ದಶಕದಲ್ಲಿ ಇಂಥ ಕೇಂದ್ರಗಳಲ್ಲೇ ಕೂತು ನೋಡಿ ಒಂದು ಪಟ್ಟಿ ಮಾಡಿದ್ದರು. ಮಗುವಿನ ಹಾಗೆ ಆಡಿಸುವುದು, ಹೆದರಿಸುವುದು, ಸುಳ್ಳು ಹೇಳಿ ಕೆಲಸ ಮಾಡಿಸುವುದು, ಎದುರಿಗೇ ಇದ್ದರೂ ಇಲ್ಲದವರ ಹಾಗೆ ಅವರ ಬಗ್ಗೆ ಮಾತಾಡುವುದು, ಅವರ ಕೈಲಾಗದ ವೇಗದಲ್ಲಿ ಅವಸರ ಮಾಡುವುದು. ಬೇಕಂತಲೇ ಕೆಟ್ಟದು ಮಾಡುವವರು ಇದನ್ನೆಲ್ಲ ಮಾಡುತ್ತಾರೆ ಅಂತ ಅವರು ಹೇಳಲಿಲ್ಲ. ಒಳ್ಳೆಯವರೇ ಮಾಡುತ್ತಾರೆ, ಆದರೂ ಕಾಯಿಲೆಯವರು ಕುಸಿಯುವುದಕ್ಕೆ ಮಿದುಳಿನ ಹಾನಿಯ ಜೊತೆಗೆ ಇದೂ ಒಂದು ಕಾರಣ ಅಂದರು. ಅಮೆರಿಕದಲ್ಲಿ ಕ್ರಿಸ್ಟೀನ್ ವಿಲಿಯಮ್ಸ್ ಎಂಬ ನರ್ಸಿಂಗ್ ಸಂಶೋಧಕಿ ವಿಡಿಯೋ ಮಾಡಿ ನೋಡಿದಾಗಲೂ ಕಂಡದ್ದು ಅದೇ ದಾರಿಯ ಮಾತು: ಮಗುವಿನ ಜೊತೆ ಮಾತಾಡಿದ ಹಾಗೆ ಮಾತಾಡಿಸಿದಾಗ ಮರೆವಿನ ಕಾಯಿಲೆಯವರು ಸ್ನಾನಕ್ಕೆ, ಬಟ್ಟೆಗೆ ಜಾಸ್ತಿ ಹಟ ಮಾಡುತ್ತಾರೆ. ಅಂದರೆ ನಿಮ್ಮವರು ಹಟಮಾರಿ ಅಂತ ರಿಜಿಸ್ಟರಿನಲ್ಲಿ ಬರೆಯುವ ಎಷ್ಟೋ ಹಟ ಅಲ್ಲೇ ಹುಟ್ಟಿದ್ದಿರಬಹುದು, ಅಲ್ವಾ?

ಈಗ ನಮ್ಮ ಮಾವನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಫಾರ್ಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಅವರು ಕುಂದಾಪುರ ಕಡೆಯವರು. ಹುಡುಗರಾಗಿದ್ದಾಗಲೇ ಮುಂಬಯಿಗೆ ಬಂದು ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿದವರು. ಹಗಲು ಹೋಟೆಲ್, ರಾತ್ರಿ ಕನ್ನಡ ನೈಟ್ ಸ್ಕೂಲ್. ಆ ಕಾಲಕ್ಕೆ ಊರಿನಿಂದ ಬಂದ ಎಷ್ಟೋ ಹುಡುಗರು ಓದಿದ್ದು ಹಾಗೆಯೇ. ಎಸ್ಸೆಸ್ಸಿ ಆದ ಮೇಲೆ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಏಜೆಂಟ್ ಆದರು. ಈಗಿನವರಿಗೆ ಪಿಗ್ಮಿ ಗೊತ್ತಿರಲಿಕ್ಕಿಲ್ಲ. 1928ರಲ್ಲಿ ಉಡುಪಿಯಲ್ಲಿ ಶುರುವಾದದ್ದು, ದಿನಕ್ಕೆ ಎರಡಾಣೆ ಉಳಿಸುವವರ ಬಾಗಿಲಿಗೇ ಬ್ಯಾಂಕಿನವರು ಹೋಗಿ ದುಡ್ಡು ತರುವ ಪದ್ಧತಿ. ಮಾಟುಂಗಾ, ವಡಾಲಾ, ಸಾಯನ್ ಕಡೆಯ ಪಾನ್ ಅಂಗಡಿ, ಹೂವಿನವರು, ಹೋಟೆಲಿನ ಹುಡುಗರು — ಎಲ್ಲರ ಹತ್ತಿರ ನಡೆದೇ ಹೋಗಿ ಚಿಲ್ಲರೆ ಎಣಿಸಿ, ಬರೆದು, ಸಂಜೆ ಬ್ಯಾಂಕಿಗೆ ಕಟ್ಟುವುದು ಮಾವನ ಕೆಲಸ. ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಊಟ ಸೇರುತ್ತಿರಲಿಲ್ಲವಂತೆ, ಅತ್ತೆ ಹೇಳುತ್ತಿದ್ದರು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಮಾವನ ಪಾಲಿಗೆ ಅದು ಇನ್ನೂ ಇದೆ. ಮಧ್ಯಾಹ್ನ ಮೂರರ ಹೊತ್ತಿಗೆ ಎದ್ದು ನಿಂತು “ಕಲೆಕ್ಷನ್ನಿಗೆ ಹೊತ್ತಾಯಿತು” ಅನ್ನುತ್ತಾರೆ.

ನಿಮ್ಮ ಕೇಂದ್ರದಲ್ಲಿ ಇದಕ್ಕೆ ಕಂಡುಹಿಡಿದ ಉಪಾಯ ಅಂದರೆ ಕುರ್ಚಿಯನ್ನು ಗೋಡೆಗೆ ಒತ್ತಿ, ಮುಂದೆ ಮೇಜನ್ನು ಹೊಟ್ಟೆಗೆ ತಾಗುವಷ್ಟು ತಳ್ಳಿ, ಮೇಜಿನ ಆಚೆ ಇನ್ನೊಂದು ಭಾರದ ಬೆಂಚು ಇಡುವುದು. ಕಟ್ಟಿಹಾಕಿಲ್ಲ, ಒಪ್ಪುತ್ತೇನೆ. ಆದರೆ ಮನುಷ್ಯ ತಾನಾಗಿ ಏಳದ ಹಾಗೆ ಮಾಡುವ ಯಾವುದನ್ನೂ, ಮೇಜಾಗಲಿ ಬೆಲ್ಟಾಗಲಿ, ಹಿರಿಯರ ಆರೈಕೆ ಕಲಿತವರು ಕಟ್ಟಿಹಾಕುವುದರ ಲೆಕ್ಕದಲ್ಲೇ ಹಿಡಿಯುತ್ತಾರೆ. ಮುಂದೆ ಪೆನ್ಸಿಲ್ ಡಬ್ಬಿ, ಛೋಟಾ ಭೀಮನ ಬಣ್ಣ ತುಂಬುವ ಪುಸ್ತಕ. ಜೀವಮಾನವಿಡೀ ಊರವರ ದುಡ್ಡಿನ ಲೆಕ್ಕ ಇಟ್ಟವರ ಮುಂದೆ!

ನಿಮ್ಮಲ್ಲೇ ಇದಕ್ಕೆ ಬೇರೆ ಉಪಾಯ ಕಂಡವರು ಒಬ್ಬರಿದ್ದಾರೆ. ಸಾಂಗ್ಲಿ ಕಡೆಯ ಮೌಶಿ (ಹಿರಿಯರನ್ನು ನೋಡಿಕೊಳ್ಳುವ ಆಯಾ), ಹೆಸರು ಬೇಡ, ಇದರಿಂದ ಅವರ ಕೆಲಸಕ್ಕೆ ತೊಂದರೆಯಾಗಬಾರದು. ಹೆಚ್ಚು ಓದಿದವರಲ್ಲ, ಕನ್ನಡ ಬರುವುದಿಲ್ಲ. ಮಾವ ಎದ್ದಾಗ ಅವರು ತಡೆಯಲಿಲ್ಲ. ಒಂದು ಹಳೆಯ ನೋಟ್‌ಬುಕ್, ಪೆನ್ನು ಕೊಟ್ಟು ಬ್ಲೌಸಿನೊಳಗಿನ ಪರ್ಸ್ ತೆಗೆದು ಹತ್ತು ರೂಪಾಯಿ ಕೈಗಿಟ್ಟರು. ಮಾವ ಬರೆದುಕೊಂಡರು. ಆಮೇಲೆ ಪಕ್ಕದ ಅಜ್ಜನ ಹತ್ತಿರ, ಅಡುಗೆಯವನ ಹತ್ತಿರ, ವಾಚ್‌ಮನ್ ಹತ್ತಿರ ಹೋಗಿ ಎರಡು, ಐದು ಅಂತ ತಗೊಂಡು, ಇಡೀ ಹಾಲ್ ಒಂದು ಸುತ್ತು ಹಾಕಿ, ಎಣಿಸಿ, ಎಲ್ಲವನ್ನೂ ಮೌಶಿಯ ಕೈಗೇ ಕೊಟ್ಟು “ಕಟ್ಟಿಬಿಡಿ” ಅಂತ ಕೂತರು. ಮೌಶಿ ಅವರವರ ದುಡ್ಡು ವಾಪಸ್ ಮಾಡಿದರು. ದಿನಾ ಹೀಗೇ ನಡೆಯುತ್ತಿತ್ತು. ಆ ತಿಂಗಳುಗಳಲ್ಲಿ ಸಂಜೆ ಮನೆಗೆ ಬಂದ ಮಾವ ಸಿಡುಕುತ್ತಿರಲಿಲ್ಲ, ರಾತ್ರಿ ನಿದ್ದೆ ಬರುತ್ತಿತ್ತು. ಲೆಕ್ಕದಲ್ಲಿ ತಪ್ಪಿರುತ್ತಿತ್ತು ಬಿಡಿ, ಯಾರಿಗೆ ಬೇಕು ಅದು.

ಇದನ್ನು ನಿಲ್ಲಿಸಿದ್ದು ನಿಮ್ಮ ಆಫೀಸು. “ಆಕ್ಟಿವಿಟಿ ಟೈಮ್‌ಟೇಬಲ್ ಪ್ರಕಾರ ನಡೆಯಬೇಕು, ಹಿರಿಯರ ಕೈಗೆ ದುಡ್ಡು ಕೊಡಬಾರದು” ಅಂತ ಆದೇಶ ಬಂತಂತೆ. ದುಡ್ಡಿನ ವಿಷಯದಲ್ಲಿ ಜಾಗ್ರತೆ ಬೇಕು, ಸರಿ. ಹಳೆಯ ನಾಣ್ಯವೋ ಪ್ಲಾಸ್ಟಿಕ್ ಬಿಲ್ಲೆಯೋ ಇಟ್ಟುಕೊಳ್ಳಬಹುದಿತ್ತು. ಮೇಜು ತಳ್ಳುವುದು ಯಾವ ಟೈಮ್‌ಟೇಬಲ್ಲಿನಲ್ಲಿದೆ?

ಇನ್ನು ಹುಟ್ಟುಹಬ್ಬಗಳು. ಇದನ್ನು ನಿಮಗೊಂದೇ ಅಲ್ಲ, ದಾನ ಕೊಡುವ ನಮ್ಮ ಕನ್ನಡದ ಬಂಧುಗಳಿಗೂ ಹೇಳುತ್ತಿದ್ದೇನೆ. ಮಗುವಿನ ಬರ್ತ್‌ಡೇ, ಮದುವೆಯ ಇಪ್ಪತ್ತೈದನೇ ವರ್ಷ, ಏನೇ ಇದ್ದರೂ “ಹಿರಿಯರ ಜೊತೆ ಆಚರಿಸೋಣ” ಅಂತ ಬರುತ್ತೀರಿ. ಹಿರಿಯರ ತಲೆಗೆ ಕಾಗದದ ಟೋಪಿ, ಕೈಗೆ ಬಲೂನು, ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬಾಯಿಗೂ ಕೇಕ್ ತುರುಕಿ ಫೋಟೋ. ಅವರಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ, ಕೆಲವರಿಗೆ ನುಂಗುವುದೇ ಕಷ್ಟ. ಮರೆವು ಮುಂದುವರಿದವರಿಗೆ ಆಹಾರ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುವುದುಂಟು. ಒಳ್ಳೆಯ ಮನಸ್ಸಿನಿಂದಲೇ ಬರುತ್ತೀರಿ, ಇಲ್ಲ ಅನ್ನುವುದಿಲ್ಲ. ಆದರೆ ಇವರು ಅನಾಥರಲ್ಲ, ಮನೆಯವರು ಫೀ ಕಟ್ಟುತ್ತೇವೆ. ಅನಾಥರೇ ಆಗಿದ್ದರೂ ಟೋಪಿ ಹಾಕಿಸಿಕೊಳ್ಳಲೇಬೇಕಾದ ಸಾಲ ಅವರ ಮೇಲಿಲ್ಲ. ನಮ್ಮ ಮಾವನ ಹಾಗೊಂದು ಫೋಟೋ, ಬಾಯಿ ಪಕ್ಕ ಕ್ರೀಮ್ ಮೆತ್ತಿದ್ದು, ಯಾರದೋ ರೀಲಿಗೆ ಹೋಗಿ ಅಲ್ಲಿಂದ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಕುಂದಾಪುರದಿಂದ ನಾದಿನಿ ಫೋನ್ ಮಾಡಿ ಅತ್ತಳು. ಯಾರ ಒಪ್ಪಿಗೆ ಕೇಳಿದಿರಿ ಅಂದರೆ “ಅಡ್ಮಿಷನ್ ಫಾರ್ಮಿನ ಹಿಂದೆ ಇದೆ” ಅಂತ ಉತ್ತರ. ಹೌದು, ಇದೆ, ಸಣ್ಣ ಅಕ್ಷರದಲ್ಲಿ.

ನಿಮಗೆ ನಿಜಕ್ಕೂ ಏನಾದರೂ ಮಾಡಬೇಕು ಅನಿಸಿದರೆ ಒಂದು ಮಧ್ಯಾಹ್ನ ಕ್ಯಾಮೆರಾ ಇಲ್ಲದೆ ಬನ್ನಿ. ಕನ್ನಡ ಪೇಪರ್ ತಂದು ಜೋರಾಗಿ ಓದಿ. ಮರೆವು ಬಂದಾಗ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುವುದುಂಟು, ಮನೆಯ ಮಾತು ಹೆಚ್ಚು ಕಾಲ ಉಳಿಯುವುದುಂಟು. ಐವತ್ತು ವರ್ಷ ಹಿಂದಿ, ಮರಾಠಿಯಲ್ಲಿ ವ್ಯವಹಾರ ಮಾಡಿದ ನಮ್ಮ ಮಾವ ಈಗ ಮೌಶಿಯ ಹತ್ತಿರವೂ ಕನ್ನಡದಲ್ಲೇ ನೀರು ಕೇಳುತ್ತಾರೆ. ನಿಮ್ಮಲ್ಲಿ ತುಳು, ಕೊಂಕಣಿ, ಕನ್ನಡದವರು ಕಡಿಮೆಯೇನಿಲ್ಲ. ಮುಂಬಯಿಯಲ್ಲಿ ಕನ್ನಡದ ಸಂಘಗಳಿಗೆ ಬರವಿಲ್ಲ. 1926ರ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಿಂದ ಹಿಡಿದು ಡೊಂಬಿವಲಿಯವರೆಗೆ ಎಷ್ಟೊಂದು ಇವೆ. ನಾಟಕ, ಯಕ್ಷಗಾನ, ಸನ್ಮಾನ ಎಲ್ಲ ನಡೆಯಲಿ. ವಾರಕ್ಕೊಂದು ಗಂಟೆ ಇಬ್ಬರನ್ನು ಇಂಥ ಕಡೆ ಕಳಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಈಗ ‘ಅವರಿಗೇನು ಗೊತ್ತಾಗುತ್ತದೆ’ ಅನ್ನುವುದಕ್ಕೆ ಬರುತ್ತೇನೆ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆ ಇರುವವರಿಗೆ ಅಳು ಬರಿಸುವ, ನಗು ಬರಿಸುವ ಸಿನಿಮಾ ತುಣುಕುಗಳನ್ನು ತೋರಿಸಿ ಪರೀಕ್ಷೆ ಮಾಡಿದ್ದರು. ಸ್ವಲ್ಪ ಹೊತ್ತಿಗೆಲ್ಲ ಏನು ನೋಡಿದೆವು ಅನ್ನುವುದು ಅವರಿಗೆ ಮರೆತುಹೋಯಿತು. ದುಃಖ ಮಾತ್ರ ಹೋಗಿರಲಿಲ್ಲ, ಸಂತೋಷವೂ ಹಾಗೆಯೇ ಉಳಿದಿತ್ತು. ಮನೆಯಲ್ಲಿ ನೋಡುವ ನಮಗೆ ಇದಕ್ಕೆ ಅಯೋವಾ ಬೇಕಾಗಿಲ್ಲ. ಮೇಜಿನ ಹಿಂದೆ ಕೂರಿಸಿದ ದಿನ ಯಾವುದು ಅಂತ ಮಾವ ಬಾಯಿಬಿಟ್ಟು ಹೇಳಲಾರರು, ರಾತ್ರಿ ಅವರು ತಟ್ಟೆ ತಳ್ಳುವ ರೀತಿಯಲ್ಲಿ ನಮಗೆ ತಿಳಿಯುತ್ತದೆ. ಘಟನೆ ನೆನಪಿಲ್ಲ ಅಂದ ಮಾತ್ರಕ್ಕೆ ಅವಮಾನ ಆಗಿಲ್ಲ ಅಂತಲ್ಲ. ಯಾಕೆ ಬೇಜಾರಾಗಿದೆ ಅಂತ ಅವರಿಗೇ ಗೊತ್ತಿಲ್ಲದೆ ಬೇಜಾರಾಗಿರುವುದು ಇನ್ನೂ ಕಷ್ಟವಲ್ಲವೇ, ನೀವೇ ಹೇಳಿ.

ನಿಮ್ಮ ಕೆಲಸದವರ ಮೇಲೆ ಇದನ್ನೆಲ್ಲ ಹೊರಿಸಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ಪತ್ರ ಓದಿ ಇಬ್ಬರು ಹೆಂಗಸರನ್ನು ಕೆಲಸದಿಂದ ತೆಗೆದು “ಕ್ರಮ ಕೈಗೊಂಡಿದ್ದೇವೆ” ಅಂತ ಬರೆದುಬಿಟ್ಟರೆ ನಾನು ಬರೆದದ್ದು ವ್ಯರ್ಥ. ಊಟದ ಹೊತ್ತಿಗೆ ಹನ್ನೆರಡು ಹಿರಿಯರಿಗೆ ಒಬ್ಬಳು ಇರುತ್ತಾಳೆ. ಅವಳೇ ಬಡಿಸಬೇಕು, ಒರೆಸಬೇಕು, ಬಾತ್‌ರೂಮಿಗೆ ಕರೆದೊಯ್ಯಬೇಕು, ಫೋನ್ ತೆಗೆಯಬೇಕು. ಆಗ ಡೈಪರ್ ಸುಲಭ, ಮೇಜು ಸುಲಭ. ಬದಲಾಪುರದಿಂದಲೋ ಕಲ್ವಾದಿಂದಲೋ ಲೋಕಲ್‌ನಲ್ಲಿ ನೇತಾಡಿಕೊಂಡು ಬರುವ ಅವರಿಗೆ ಮರೆವಿನ ಕಾಯಿಲೆ ಅಂದರೇನು ಅಂತ ಒಂದು ದಿನವಾದರೂ ಯಾರಾದರೂ ಕೂರಿಸಿ ಹೇಳಿದ್ದಾರಾ? ಅವರನ್ನೇ ಕೇಳಿದೆ, ಇಲ್ಲವಂತೆ. ಹಾಲಿಗೆ ಹೊಸ ಗ್ರಾನೈಟ್ ಹಾಕಿಸಿದಿರಿ, ದಾನಿಗಳ ಹೆಸರಿನ ಫಲಕ ಹಾಕಿಸಿದಿರಿ. ಗ್ರಾನೈಟ್ ಒದ್ದೆಯಾದರೆ ಜಾರುತ್ತದೆ ಅನ್ನುವುದು ಬೇರೆ ವಿಷಯ.

ಕಾನೂನು ಏನಿದೆ ಅಂತಲೂ ನೋಡಿದೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರದ್ದು. ಅದು ಮಕ್ಕಳು ಜೀವನಾಂಶ ಕೊಡುವುದರ ಬಗ್ಗೆ, ಜಿಲ್ಲೆಗೊಂದು ವೃದ್ಧಾಶ್ರಮದ ಬಗ್ಗೆ ಹೇಳುತ್ತದೆ. ಹಗಲು ಕೇಂದ್ರಗಳನ್ನೂ ನೋಂದಣಿಗೆ ತಂದು ಕನಿಷ್ಠ ಗುಣಮಟ್ಟ ಹೇಳುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು. 2024ರಲ್ಲಿ ಆ ಲೋಕಸಭೆಯ ಅವಧಿಯೇ ಮುಗಿಯಿತು, ಮಸೂದೆ ಕಾಯ್ದೆಯಾಗಲಿಲ್ಲ. ವಿಶ್ವಸಂಸ್ಥೆ 1991ರಲ್ಲೇ ಹಿರಿಯರ ಬಗ್ಗೆ ಹದಿನೆಂಟು ತತ್ವಗಳನ್ನು ಒಪ್ಪಿಕೊಂಡಿದೆ, ಕೊನೆಯ ಭಾಗ ಪೂರ್ತಿ ಘನತೆಯ ಬಗ್ಗೆಯೇ, ಅದನ್ನು ಹಿಡಿದುಕೊಂಡು ನಾನು ಪೊಲೀಸ್ ಠಾಣೆಗೆ ಹೋಗುವ ಹಾಗಿಲ್ಲ. 14567 ಅನ್ನುವ ಹಿರಿಯರ ಸಹಾಯವಾಣಿ ಇದೆ, ಮನೆಯಲ್ಲಿ ವಯಸ್ಸಾದವರಿರುವ ಎಲ್ಲರೂ ಆ ನಂಬರ್ ಬರೆದಿಟ್ಟುಕೊಳ್ಳಿ. ಒಟ್ಟಿನಲ್ಲಿ ಇದು ಸದ್ಯಕ್ಕೆ ನಿಮ್ಮ ಇಚ್ಛೆಯ ಮೇಲೇ ನಿಂತಿದೆ, ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ನಾನು ಕೇಳುವುದು ಜಾಸ್ತಿಯೇನಲ್ಲ. ಡೈಪರ್ ಯಾರಿಗೆ ಬೇಕು ಅನ್ನುವುದನ್ನು ಮನೆಯವರ ಜೊತೆ ಕೂತು ತೀರ್ಮಾನಿಸಿ, ಉಳಿದವರನ್ನು ಹೊತ್ತು ಹೊತ್ತಿಗೆ ಬಾತ್‌ರೂಮಿಗೆ ಕಳಿಸಿ. ಬದಲಿಸುವ ಜಾಗಕ್ಕೆ ಬಾಗಿಲಿರುವ ಕೋಣೆ ಕೊಡಿ, ಸ್ಟೋರ್‌ರೂಮಿನಲ್ಲಿ ಹಳೇ ಬ್ಯಾನರುಗಳಿವೆ, ಅವುಗಳನ್ನು ಹಾಲಿನ ಮೂಲೆಗೆ ಹಾಕಿದರೆ ಕೋಣೆ ಸಿಗುತ್ತದೆ. ಮೇಜು ತಳ್ಳುವುದು ನಾಳೆಯಿಂದಲೇ ನಿಲ್ಲಬೇಕು, ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಫೋಟೋಗೆ ಪ್ರತಿ ಸಲ ಕೇಳಿ, ಮೊದಲು ಅವರನ್ನೇ ಕೇಳಿ, ಬೇಡ ಅಂತ ತಲೆ ಅಲ್ಲಾಡಿಸಿದರೆ ಅದೇ ಉತ್ತರ. ಫಾರ್ಮಿನಲ್ಲಿ ಬಿಪಿ, ಶುಗರ್ ಜೊತೆಗೆ ಒಂದು ಪುಟ ಜಾಗ ಬಿಡಿ: ಇವರು ಏನು ಕೆಲಸ ಮಾಡುತ್ತಿದ್ದರು, ಯಾವ ಭಾಷೆ, ಏನು ಕರೆದರೆ ಇಷ್ಟ, ಯಾವ ಹೊತ್ತಿಗೆ ಏಳುತ್ತಾರೆ. ಬಣ್ಣ ತುಂಬಲು ಇಷ್ಟವಿರುವವರು ತುಂಬಲಿ. ಅವರೆ ಸುಲಿಯುವ, ಹೂಬತ್ತಿ ಹೊಸೆಯುವ, ಬಟ್ಟೆ ಮಡಿಸುವ ಕೈಗಳಿಗೆ ಆ ಕೆಲಸ ಕೊಡಿ. ಊಟದ ಹೊತ್ತಿಗೆ ಇನ್ನೊಬ್ಬರನ್ನು ಇಡಿ. ಅದಕ್ಕೆ ಫೀ ಸ್ವಲ್ಪ ಏರಿಸಬೇಕಾದರೆ ಏರಿಸಿ, ಆ ದುಡ್ಡು ಅವರ ಸಂಬಳಕ್ಕೇ ಹೋಗುತ್ತದೆ ಅಂತ ಲೆಕ್ಕ ತೋರಿಸಿ. ನನಗೆ ಗೊತ್ತಿರುವ ಮನೆಗಳವರು ಇದಕ್ಕೆ ಒಪ್ಪಿದ್ದಾರೆ. ಮತ್ತೆ ಆ ಮೌಶಿಗೆ ನೋಟ್‌ಬುಕ್ ವಾಪಸ್ ಕೊಡಿ.

“ಇಷ್ಟವಿಲ್ಲದಿದ್ದರೆ ಬೇರೆ ಕಡೆ ಸೇರಿಸಿ” ಅನ್ನುವ ಮಾತು ಈ ಪತ್ರಕ್ಕೂ ಬರಬಹುದು. ಸೇರಿಸುವುದಿಲ್ಲ. ಹತ್ತಿರದಲ್ಲಿ ಬೇರೆ ಇಲ್ಲ ಅನ್ನುವುದು ಒಂದು, ಹೊಸ ಜಾಗ ಅಂದರೆ ಮಾವನಿಗೆ ಮತ್ತೆ ಮೊದಲಿನಿಂದ ಹೆದರಿಕೆ ಅನ್ನುವುದು ಇನ್ನೊಂದು. ನಾವು ಹೋದರೂ ಸೀರೆ ಹಿಡಿದು ನಿಂತ ಆ ಅಜ್ಜಿ ಅಲ್ಲೇ ಇರುತ್ತಾರೆ.

ದಯವಿಟ್ಟು ಇದನ್ನು ಟ್ರಸ್ಟಿನ ಮುಂದಿನ ಸಭೆಯಲ್ಲಿ ಓದಿ. ಆ ಸಭೆಗೆ ಮನೆಯವರಲ್ಲಿ ಇಬ್ಬರನ್ನು, ಮೌಶಿಯರಲ್ಲಿ ಒಬ್ಬರನ್ನು, ಮಾತಾಡಲು ಆಗುವ ಹಿರಿಯರೊಬ್ಬರನ್ನು ಕರೆಯಿರಿ. ಉತ್ತರ ಈ ಸಲ ಫೋನಿನಲ್ಲಿ ಬೇಡ, ಬರೆದು ಕೊಡಿ. ಭಾನುವಾರ ಸೆಂಟ್ರಲ್ ಲೈನಿನಲ್ಲಿ ದುರಸ್ತಿಗೆ ಅಂತ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇರುತ್ತದೆ, ಶನಿವಾರ ಸಂಜೆ ಇಟ್ಟುಕೊಂಡರೆ ಎಲ್ಲರಿಗೂ ಬರಲು ಆಗುತ್ತದೆ.

ಇತಿ,
ನಿಮ್ಮ ಕೇಂದ್ರಕ್ಕೆ ಮಾವನನ್ನು ಕಳಿಸುವ ಒಬ್ಬ ಸೊಸೆ
ಮುಲುಂಡ್, ಮುಂಬಯಿ